ಒಂದೇ ಫೋಟೊದಲ್ಲಿ ಎರಡು ಎತ್ತು

ಯಂತ್ರಗಳ ಮೇಲೆ ನನಗೆ ದ್ವೇಷವಿಲ್ಲ. ಅವು ನನ್ನ ಮುಂದೆ ತಮಗೇ ಹೆಚ್ಚು ತಿಳಿದಂತೆ ನಡೆದುಕೊಳ್ಳಬಾರದು, ಅಷ್ಟೇ. ಗಡಿಯಾರಕ್ಕೆ ಕೀಲಿ ನಾನೇ ಕೊಡಬೇಕು, ರೇಡಿಯೋದ ಗುಂಡಿ ನಾನೇ ತಿರುಗಿಸಬೇಕು, ಸ್ಟೋವಿಗೆ ಪಂಪು ನಾನೇ ಹೊಡೆಯಬೇಕು. ಹೊಡೆದ ಮೇಲೆ ಅದು ಭಗ್ಗೆಂದು ಎದ್ದು ಹುಬ್ಬು ಸುಟ್ಟರೂ ಚಿಂತೆಯಿಲ್ಲ; ಹುಬ್ಬೂ ನನ್ನದು, ಸುಟ್ಟುಕೊಂಡವನೂ ನಾನೇ ಎಂಬ ಸಮಾಧಾನವಾದರೂ ಉಳಿಯುತ್ತದೆ. ಇಂಥವನ ಮನೆಗೆ ಬೆಳಕನ್ನು ತಾನೇ ಅಳೆದುಕೊಳ್ಳುವ ಕ್ಯಾಮೆರಾ ಬಂದರೆ ಏನಾಗಬೇಕೋ ಅದೇ ಆಯಿತು.

ಎಂಬತ್ತರ ದಶಕದ ನಡುವಿನ ಮಾತು. ನಾನು ನವಲಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನನ್ನ ಹೆಂಡತಿ ಸುಮಿತ್ರೆಯ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವನು, ರಜೆಗೆ ಬಂದಾಗ ಒಂದು ಜಪಾನಿ ಕ್ಯಾಮೆರಾ ತಂದುಕೊಟ್ಟ. ಕೊಟ್ಟದ್ದು ತಂಗಿಗೆ, ಕೊರಳಿಗೆ ಹಾಕಿಕೊಂಡವನು ನಾನು. ಅದರ ನೆತ್ತಿಯ ಮೇಲೆ ಒಂದು ತಿರುಗಣೆ ಇತ್ತು. ತಿರುಗಣೆಯನ್ನು ಒಂದು ಕಡೆಗಿಟ್ಟರೆ ಆಟೊಮ್ಯಾಟಿಕ್: ಕ್ಯಾಮೆರಾ ತಾನೇ ಬೆಳಕು ನೋಡಿ, ಒಳಗಿನ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುತ್ತದೆ. ಇನ್ನೊಂದು ಕಡೆಗಿಟ್ಟರೆ ಮ್ಯಾನ್ಯುಅಲ್: ಕಿಂಡಿಯೊಳಗೆ ಕಾಣುವ ಸಣ್ಣ ಮುಳ್ಳನ್ನು ನೋಡುತ್ತ ನಾವೇ ಎಲ್ಲ ಹೊಂದಿಸಬೇಕು. ಯಾವುದನ್ನು ಆರಿಸಿದೆ ಎಂದು ಹೇಳುವ ಅಗತ್ಯವಿಲ್ಲ. ಕೈಕಾಲು ನೆಟ್ಟಗಿರುವವನು ಆಟೊಮ್ಯಾಟಿಕ್ ಬಳಸುವುದು ಮಂದಿಯ ಹೆಗಲ ಮೇಲೆ ಕೂತು ಊರು ನೋಡಿದ ಹಾಗೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣವನ್ನೇ ಮಾಡಿದ್ದೆ.

ಆ ಭಾಷಣದ ಬೆನ್ನಿಗೇ ತೆಗೆದ ಸ್ಟಾಫ್ ಫೋಟೊ ತೊಳೆದು ಬಂದಾಗ, ನಡುಮಧ್ಯಾಹ್ನ ಅಂಗಳದಲ್ಲಿ ನಿಂತಿದ್ದ ನಾವೆಲ್ಲ ಅಮಾವಾಸ್ಯೆಯ ರಾತ್ರಿ ಕಳ್ಳರನ್ನು ಹಿಡಿಯಲು ಹೊರಟವರಂತೆ ಕಂಡೆವು. ಹೆಡ್ ಮಾಸ್ತರರು ತಮ್ಮನ್ನು ತಾವೇ ಹುಡುಕಿ, ಸಿಗದೆ, ಫೋಟೊವನ್ನು ಮರಳಿ ಕೊಟ್ಟರು. ಸುಮಿತ್ರೆ ಮಾತ್ರ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಜಪಾನದವ್ರು ಅಷ್ಟು ತಲಿ ಖರ್ಚ ಮಾಡಿ ಒಂದು ಸೌಲತ್ತು ಮಾಡಿಟ್ಟಾರ. ಅವ್ರ ಕೆಲಸಾ ನೀವ್ಯಾಕ ಮಾಡಾಕ ಹೋಗ್ತೀರಿ?" ಎಂದಳು.

"ನೀ ಉಪ್ಪು ಹಾಕೂಮುಂದ ಯಾವ ಯಂತ್ರದ ಕಡೆ ಕೇಳ್ತೀ? ಕೈಲೆ ತಗೊಂಡು ಹಾಕ್ತೀ ಇಲ್ಲೋ? ಇದೂ ಹಂಗ," ಎಂದೆ. ಇಂಥ ಉತ್ತರಗಳು ನನಗೆ ತಟ್ಟನೆ ಹೊಳೆಯುತ್ತವೆ.

"ನನಗ ಅಂದಾಜ ಐತಿ. ನಿಮಗ ಇಲ್ಲ. ಇಲ್ಲದವ್ರಿಗೆ ಅಂತನ ಅವ್ರು ಅದನ್ನ ಮಾಡ್ಯಾರ," ಎಂದು ಆಕೆ ಒಳಗೆ ಹೋದಳು. ಅವಳು ತವರಿಗೆ ಹೋದಾಗ ನಾನು ಮಾಡಿಕೊಂಡ ಉಪ್ಪಿಟ್ಟಿನ ವಿಷಯ ಪಕ್ಕದ ಮನೆಯವರಿಂದ ಅವಳಿಗೆ ತಿಳಿದಿತ್ತು. ಹಾಗಾಗಿ ಅಂದಾಜಿನ ವಿಷಯವನ್ನು ನಾನು ಮುಂದುವರಿಸಲಿಲ್ಲ.

ಹೀಗೆ ಮನೆಯಲ್ಲಿ ಎರಡು ಪಕ್ಷಗಳಾಗಿದ್ದಾಗಲೇ ತಿರ್ಲಾಪುರದ ಫಕೀರಪ್ಪ ಜೋಳದ ಚೀಲ ತಂದ. ನಮಗೆ ವರ್ಷದ ಜೋಳ ಬರುತ್ತಿದ್ದುದು ಅವನ ಮನೆಯಿಂದಲೇ. ತಾಯಿ ಗಂಗವ್ವ, ತಮ್ಮ ಶಿವಪ್ಪ, ಇಬ್ಬರ ಹೆಂಡಿರು ಮಕ್ಕಳು, ಎಲ್ಲರದೂ ಒಂದೇ ಒಲೆ. ಚೀಲ ಇಳಿಸಿ ನೀರು ಕುಡಿದವನು, "ಮುಂದಿನ ವರ್ಷದ ಜ್ವಾಳಾ ನನ್ನ ಕಡೆ ತಗೋತೀರೋ ಶಿವ್ಯಾನ ಕಡೆ ತಗೋತೀರೋ ಈಗ ವಿಚಾರ ಮಾಡಿ ಇಟಗೋರ್ರಿ. ಯುಗಾದಿಗೆ ನಾವು ಬ್ಯಾರಿ ಆಗ್ತೇವಿ," ಎಂದ.

ಕಾರಣ ಕೇಳಿದೆ. ಅಣ್ಣ ತಮ್ಮನನ್ನು ಕೇಳದೆ ಟ್ರಾನ್ಸಿಸ್ಟರ್ ತಂದಿದ್ದ. ಅದಕ್ಕೆ ತಮ್ಮ ಅಣ್ಣನನ್ನು ಕೇಳದೆ ಸೈಕಲ್ ತಂದಿದ್ದ. ಆಮೇಲೆ ಒಬ್ಬನ ಹಾಡು ಇನ್ನೊಬ್ಬನ ನಿದ್ದೆ ಕೆಡಿಸಿ, ಒಬ್ಬನ ಸೈಕಲ್ಲು ಇನ್ನೊಬ್ಬನ ಕಾಲಿಗೆ ತಾಗಿ, ಮಾತು ಹೊಲದ ಬದುವಿನವರೆಗೂ ಹೋಗಿತ್ತು. ಹೊಲ ಪಾಲಾಗಬಹುದು, ಮನೆಗೆ ನಡುಗೋಡೆ ಹಾಕಬಹುದು. ಕಷ್ಟವಿದ್ದದ್ದು ಎತ್ತುಗಳ ವಿಷಯದಲ್ಲಿ. ಬೆಳ್ಯಾ ಎಂಬ ಬಿಳಿ ಎತ್ತು ಸಂತೆಯಲ್ಲಿ ತಂದದ್ದು. ಕರ್ಯಾ ಎಂಬ ಕರಿ ಎತ್ತು ಮನೆಯಲ್ಲೇ ಹುಟ್ಟಿದ್ದು. ಬಣ್ಣ ಕೂಡದ ಜೋಡಿ ಎಂದು ಊರವರು ನಕ್ಕರೂ ಅವೆರಡೂ ಒಂದನ್ನೊಂದು ಬಿಟ್ಟು ನೀರು ಸಹ ಕುಡಿಯುತ್ತಿರಲಿಲ್ಲ. ಈಗ ಕರ್ಯಾ ಅಣ್ಣನಿಗೆ, ಬೆಳ್ಯಾ ತಮ್ಮನಿಗೆ ಎಂದಾಗಿತ್ತು. ಗಂಗವ್ವ ಇದಕ್ಕೆಲ್ಲ ಒಂದೇ ಷರತ್ತು ಹಾಕಿದ್ದಳು. ಇಬ್ಬರು ಮಕ್ಕಳೂ ಎರಡು ಎತ್ತುಗಳೂ ಕೂಡಿ ನಿಂತ ಒಂದು ಫೋಟೊ ತನ್ನ ಕೈಗೆ ಬರಬೇಕು. ಬಂದ ಮರುದಿನ ಬೇಕಾದರೆ ಪಾಲು ಮಾಡಿಕೊಳ್ಳಲಿ. ಅಲ್ಲಿಯ ತನಕ ಯಾರೂ ಹಗ್ಗ ಬಿಚ್ಚಕೂಡದು.

"ಫೋಟೊ ನಾ ತಗೀತೀನಿ," ಎಂದೆ. ಬಾಗಿಲ ಹಿಂದೆ ಸುಮಿತ್ರೆ ಕೆಮ್ಮಿದಳು.

ಅವಳೂ ಜೊತೆಗೆ ಬಂದಳು, ಆಟೊಮ್ಯಾಟಿಕ್ ಇಡುತ್ತೇನೆಂದು ನನ್ನಿಂದ ಮಾತು ತೆಗೆದುಕೊಂಡೇ. ಎರೆಹೊಲದ ನಡುವೆ ನೊಗ ಹೂಡಿ ನಿಲ್ಲಿಸಿದೆವು: ಈ ಕಡೆ ಕರ್ಯಾನ ಹಗ್ಗ ಹಿಡಿದು ಫಕೀರಪ್ಪ, ಆ ಕಡೆ ಬೆಳ್ಯಾನ ಹಗ್ಗ ಹಿಡಿದು ಹೊಸ ಬಿಳಿ ಅಂಗಿಯ ಶಿವಪ್ಪ, ನಡುವೆ ಗಂಗವ್ವ. ಅಣ್ಣತಮ್ಮಂದಿರು ಎರಡು ಬೇರೆ ಬೇರೆ ದಿಕ್ಕು ನೋಡುತ್ತಿದ್ದರು. ನಾನು ಗುಂಡಿ ಒತ್ತಿದೆ. ರೀಲು ಮುಗಿಯುವ ಮೊದಲೇ ತೊಳೆಸಿದರೆ ನಷ್ಟವಲ್ಲವೇ? ಉಳಿದದ್ದನ್ನು ಮುಗಿಸಲು ಶಾಲೆಯ ಕಟ್ಟಡ, ನಮ್ಮ ಮನೆಯ ಬೆಕ್ಕು, ಸುಮಿತ್ರೆ ಹಪ್ಪಳ ಒಣಹಾಕುವುದು, ಒಣಗಿದ ಹಪ್ಪಳ, ಹೀಗೆ ಬಹಳ ದಿನ ಹಿಡಿಯಿತು.

ಹುಬ್ಬಳ್ಳಿಯ ಸ್ಟುಡಿಯೋದಿಂದ ಫೋಟೊ ಬಂದಾಗ ಕರ್ಯಾ ಅದ್ಭುತವಾಗಿ ಮೂಡಿದ್ದ. ಫಕೀರಪ್ಪನ ಮೀಸೆಯ ಕೂದಲು ಎಣಿಸಬಹುದಿತ್ತು. ಬೆಳ್ಯಾ ಮಾತ್ರ ಇರಲಿಲ್ಲ. ಅವನ ಜಾಗದಲ್ಲಿ ಬರೀ ಬಿಳಿ ಕಾಗದ, ಅದರಲ್ಲಿ ಎರಡು ಕಣ್ಣು ಮತ್ತು ಕೊರಳ ಗೆಜ್ಜೆಸರ. ಶಿವಪ್ಪನ ಅಂಗಿ ಆಕಾಶದೊಳಗೆ ಕರಗಿ ಹೋಗಿತ್ತು, ಮುಖ ಸುಣ್ಣ ಬಳಿದಂತಿತ್ತು. ಕಾರಣ ನನಗೆ ಕೂಡಲೇ ಹೊಳೆಯಿತು. ಆ ಯಂತ್ರ ಎಂದಾದರೂ ನವಲಗುಂದದ ಎರೆಭೂಮಿ ಕಂಡಿದೆಯೇ? ಅಷ್ಟು ಕಪ್ಪನ್ನು ಒಮ್ಮೆಲೇ ನೋಡಿ, ಹೊತ್ತು ಮುಳುಗಿತೆಂದು ಹೆದರಿ, ಬಾಗಿಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟಿತ್ತು. ಇದನ್ನು ನಾನು ಸುಮಿತ್ರೆಗೆ ಎರಡೆರಡು ಸಲ ವಿವರಿಸಿದೆ. ಫೋಟೊ ಕೆಟ್ಟದ್ದಕ್ಕೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಫಕೀರಪ್ಪ ಫೋಟೊವನ್ನು ಅತ್ತ ಇತ್ತ ತಿರುಗಿಸಿದ. ತನ್ನ ಮೀಸೆಯನ್ನು ಅವನು ನೋಡಲೇ ಇಲ್ಲ. "ಬೆಳ್ಯಾ ಎಲ್ಲದಾನ್ರಿ ಇದರಾಗ? ಶಿವ್ಯಾಗ ಏನಾಗೇತಿ, ಜಡ್ಡಾದವ್ರಗತೆ ಕಾಣತಾನಲ್ಲ?" ಎಂದ.

ಎರಡನೆಯ ಸಲ, ಸುಮಿತ್ರೆಗೆ ಹೇಳದೆ, ಮ್ಯಾನ್ಯುಅಲ್. ಈ ಸಲ ತಪ್ಪಬಾರದೆಂದು ಬೆಳ್ಯಾನ ಹೊಟ್ಟೆಯ ಹತ್ತಿರವೇ ಹೋಗಿ, ಕ್ಯಾಮೆರಾ ಹಿಡಿದು ಅವನ ಬಿಳುಪನ್ನು ಅಳೆದೆ. ಹೊಟ್ಟೆ ಮುಟ್ಟಲು ಬರುವವರೆಲ್ಲ ಸೂಜಿ ಚುಚ್ಚುವ ದನದ ಡಾಕ್ಟರರು ಎಂದು ಅವನ ತಿಳಿವಳಿಕೆ. ಹಿಂಗಾಲು ಒಮ್ಮೆ ಝಾಡಿಸಿದ. ಕ್ಯಾಮೆರಾ ಉಳಿಯಿತು, ನನ್ನ ಧೋತರ ಹರಿಯಿತು. ಆದರೂ ಅಳತೆ ಸಿಕ್ಕಿತ್ತು, ಫೋಟೊ ತೆಗೆದೆ.

ಈ ಸಲ ಬೆಳ್ಯಾ ಸುಂದರವಾಗಿ ಬಂದ. ಅವನ ಹೆಗಲ ಮೇಲೆ ಕೂತ ನೊಣವೂ ಬಂತು. ಶಿವಪ್ಪ ಮದುಮಗನಂತೆ ಕಂಡ. ಕರ್ಯಾ ಮಾತ್ರ ಎರೆಮಣ್ಣಿನಲ್ಲಿ ಸೇರಿಹೋಗಿದ್ದ, ಫಕೀರಪ್ಪನ ಜಾಗದಲ್ಲಿ ಒಂದು ಬಿಳಿ ಪಟಗಾ ಯಾವ ತಲೆಯ ಆಧಾರವೂ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. ಶಿವಪ್ಪ ಅದನ್ನು ನೋಡಿ ಮೊದಲು ಜೋರಾಗಿ ನಕ್ಕ. ಆಮೇಲೆ ಆ ಪಟಗಾದ ಕೆಳಗೆ ಬೆರಳಿಟ್ಟು ಹುಡುಕಿದ. "ಅಣ್ಣ ಇಲ್ಲದ ಫೋಟೊ ತಗೊಂಡು ಏನ್ ಮಾಡ್ಲಿ? ಛಲೋ ಅನಸವಲ್ದರಿ," ಎಂದ.

ಗಂಗವ್ವ ಎರಡೂ ಫೋಟೊಗಳನ್ನು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಳು. "ಮಕ್ಕಳು ಪಾಲು ಮಾಡೂಕಿಂತ ಮದಲ ನಿಮ್ಮ ಕ್ಯಾಮೆರಾನ ಪಾಲು ಮಾಡೇತಲ್ರಿ ಮಾಸ್ತರ. ಇದರಾಗ ಇವಂದು, ಅದರಾಗ ಅವಂದು," ಎಂದಳು. ಎರಡರಲ್ಲೂ ಸರಿಯಾಗಿ ಬಂದವಳು ಆಕೆ ಒಬ್ಬಳೇ. ಅಷ್ಟರಲ್ಲಿ ಯುಗಾದಿ ಕಳೆದು ಹೋಗಿತ್ತು. ಷರತ್ತು ಷರತ್ತೇ, ಹಗ್ಗ ಯಾರೂ ಬಿಚ್ಚಿರಲಿಲ್ಲ.

ಆ ಎರಡು ಫೋಟೊಗಳನ್ನು ನೋಡುತ್ತ ನೋಡುತ್ತ ನನಗೆ ಜೀವನದಲ್ಲಿ ಮೊದಲ ಸಲ ಬೆಳಕಿನ ಲೆಕ್ಕ ತಿಳಿಯಿತು. ಕಪ್ಪನ್ನೂ ಅಳೆಯಬಾರದು, ಬಿಳುಪನ್ನೂ ಅಳೆಯಬಾರದು. ಎರಡರ ನಡುವಿನದನ್ನು ಅಳೆಯಬೇಕು. ಗಂಗವ್ವನ ಹಳೆಯ ಇಲಕಲ್ ಸೀರೆ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಮುಳ್ಳನ್ನು ಅದಕ್ಕೆ ಹೊಂದಿಸಿ, ಮೋಡ ಕವಿದ ದಿನ ತೆಗೆದರೆ ಎಲ್ಲರೂ ಬರಬೇಕು. ಇಷ್ಟು ಸರಳ ಸಂಗತಿ ಹೊಳೆಯಲು ವಿಜ್ಞಾನದ ಮಾಸ್ತರನಿಗೆ ಅರ್ಧ ವರ್ಷ ಬೇಕಾಯಿತು ಎಂಬುದನ್ನು ನಾನು ತರಗತಿಯಲ್ಲಿ ಹೇಳಿಲ್ಲ.

ಕಾರಹುಣ್ಣಿಮೆಯ ದಿನ ಮುಂಗಾರಿನ ಮೋಡ ದಟ್ಟವಾಗಿತ್ತು. ನಾನು ತಿರ್ಲಾಪುರಕ್ಕೆ ಹೋದಾಗ ಅಣ್ಣತಮ್ಮಂದಿರು ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು. ಅಣ್ಣನ ಪಾಲಿನ ಕರ್ಯಾನ ಕೊಂಬಿಗೆ ತಮ್ಮ ಹಚ್ಚುತ್ತಿದ್ದ, ತಮ್ಮನ ಪಾಲಿನ ಬೆಳ್ಯಾನಿಗೆ ಅಣ್ಣ. ಕಟ್ಟೆಯ ಮೇಲೆ ಟ್ರಾನ್ಸಿಸ್ಟರ್ ಹಾಡುತ್ತಿತ್ತು, ಸೈಕಲ್ಲಿನ ಹಿಂದೆ ಬಣ್ಣದ ಡಬ್ಬಿಗಳಿದ್ದವು. "ಹಂಗ ಬಳದರ ಸೋರತೈತಿ, ಸಣ್ಣಗ ಹಚ್ಚಲೇ," ಎಂದು ಅಣ್ಣ ಬೈದರೆ, "ನಿನ್ನ ಕಡೆ ನೀ ನೋಡ್ಕೊಳೋ," ಎಂದು ತಮ್ಮ ನಗುತ್ತಿದ್ದ. ಗಂಗವ್ವ ನನ್ನ ಪಕ್ಕಕ್ಕೆ ಬಂದು ನಿಂತಳು.

"ಇವತ್ತ ಫೋಟೊ ಛಲೋ ಬಂತಂದ್ರ, ಇಬ್ರೂ ಕೂಡಿ ಮಾಡೂ ಕಾರಹುಣ್ಣಿವಿ ಇದ ಕಡೀದು ನೋಡ್ರಿ," ಎಂದಳು.

ನಾನು ಆಕೆಯ ಸೀರೆಯನ್ನು ಅಳೆದು, ಮುಳ್ಳು ನಡುವೆ ನಿಂತದ್ದನ್ನು ನೋಡಿ, ಕೈಯಿಂದಲೇ ಎಲ್ಲ ಹೊಂದಿಸಿ ಗುಂಡಿ ಒತ್ತಿದೆ. ಆ ಗಳಿಗೆಯಲ್ಲಿ ನನಗೆ ನನ್ನ ಜಾಣತನ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ ಎಂಬುದು ನಿಜ. ಈ ಸಲ ರೀಲು ಮುಗಿಯಲೆಂದೂ ಕಾಯಲಿಲ್ಲ. ಹುಬ್ಬಳ್ಳಿಯ ಸ್ಟುಡಿಯೋದವನು ಲಕೋಟೆ ಕೊಡುತ್ತ, "ಅಗದಿ ಛಲೋ ಬಂದೇತ್ರಿ ಮಾಸ್ತರ. ಈ ಸಲ ಯಾರ ಕಡಿಂದ ತಗಿಸಿದ್ರಿ?" ಎಂದು ಕೇಳಿದ. ಬಸ್ಸಿನಲ್ಲಿ ಕೂತು ಫೋಟೊ ನೋಡಿದೆ. ಬೆಳ್ಯಾನ ಮೈಯ ಸುಕ್ಕು, ಕರ್ಯಾನ ಬೆನ್ನಿನ ಹೊಳಪು, ಇಬ್ಬರ ಮುಖ, ನಡುವೆ ತಾಯಿ. ಅಣ್ಣತಮ್ಮಂದಿರು ಈ ಸಲ ಒಂದೇ ಕಡೆ ನೋಡುತ್ತಿದ್ದರು. ಅಣ್ಣಿಗೇರಿ ದಾರಿಯ ತಿರುವು ದಾಟುವ ತನಕ ನಾನು ಅದನ್ನು ಕೆಳಗಿಡಲಿಲ್ಲ. ಕಂಡಕ್ಟರನಿಗೂ ತೋರಿಸಿದೆ.

ಮನೆಗೆ ಬಂದರೆ ಪಡಸಾಲೆಯಲ್ಲಿ ಗಂಗವ್ವ ಕೂತಿದ್ದಳು. ಸಂತೆಗೆ ಬಂದವಳು ಹಾಗೇ ಬಂದಿದ್ದಳು. ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟು, "ಈ ಸಲಾನೂ ಕೆಟ್ಟಿತೇನ್ರಿ?" ಎಂದು ಕೇಳಿದಳು.

ಬಂತೇನ್ರಿ ಎಂದು ಕೇಳಬೇಕಾದವಳು ಕೆಟ್ಟಿತೇನ್ರಿ ಎಂದು ಕೇಳಿದಳು. ಆಕೆಯ ಮುಖ ನೋಡಿದೆ. ಅಂಗಿಯ ಕಿಸೆಯ ಮೇಲೆ ನನ್ನ ಕೈ ಇತ್ತು. ಕಿಸೆಯೊಳಗೆ ನನ್ನ ಬದುಕಿನ ಒಂದೇ ಒಂದು ಒಳ್ಳೆಯ ಫೋಟೊ ಇತ್ತು. ಅದನ್ನು ಹೊರಗೆ ತೆಗೆದು, ಮ್ಯಾನ್ಯುಅಲ್ಲಿನ ಮಹಿಮೆಯ ಬಗ್ಗೆ ನಾಲ್ಕು ಮಾತಾಡಲು ಬಾಯಿ ತೆರೆದೂ ಆಗಿತ್ತು.

"ಕೆಟ್ಟೇತಿ, ಯವ್ವಾ," ಎಂದೆ.

"ಪಾಪ, ಇರ್ಲಿ ಬಿಡ್ರಿ. ನಿಮ್ಮ ಕೈಗುಣಾನ ಹಂಗೈತಿ," ಎಂದು ಆಕೆ ಬಸಿ ಎತ್ತಿ ಉಳಿದ ಚಹಾವನ್ನು ಸುಖವಾಗಿ ಕುಡಿದಳು. ಊರಿಗೆ ಹೋಗಿ ಮಕ್ಕಳಿಗೆ ಇನ್ನೊಂದು ಷರತ್ತು ಹಾಕಿದಳಂತೆ: ಬೇರೆ ಫೋಟೊದವರನ್ನು ಕರೆಸಕೂಡದು, ಮಾಸ್ತರರ ಮನಸ್ಸಿಗೆ ಹತ್ತುತ್ತದೆ, ಅವರು ಕಲಿಯುವ ತನಕ ಕಾಯೋಣ. ಮುಂಗಾರಿ ಬಿತ್ತನೆ ಕೂಡಿಯೇ ಆಯಿತು, ಹಿಂಗಾರಿಯೂ ಆಯಿತು. ಮುಂದಿನ ಯುಗಾದಿಯಲ್ಲಿ ಪಾಲಿನ ಮಾತು ಯಾರೂ ಎತ್ತಲಿಲ್ಲ. ನಾನು ಇನ್ನೂ ಕಲಿತಿಲ್ಲವೆಂದೇ ಲೆಕ್ಕ.

ಸುಮಿತ್ರೆಗೆ ಮಾತ್ರ ಅಂಗಿ ಒಗೆಯುವಾಗ ಆ ಫೋಟೊ ಸಿಕ್ಕಿತು. ಬಹಳ ಹೊತ್ತು ನೋಡಿದಳು. "ಇದು ಯಾವುದರಾಗ ತಗದ್ರಿ?" ಎಂದಳು.

"ಕೈಲೆ. ಆಟೊಮ್ಯಾಟಿಕ್ ಮುಟ್ಟಿಲ್ಲ," ಎಂದೆ, ಎದೆ ಉಬ್ಬಿಸಿ.

"ಛಲೋ ಬಂದೇತಿ ನೋಡ್ರಿ. ಯಾರ ಮುಂದ ಹೇಳವ್ರದೀರಿ?" ಎಂದು ಟ್ರಂಕಿನಲ್ಲಿ ತನ್ನ ಮದುವೆಯ ಸೀರೆಯ ಕೆಳಗೆ ಇಟ್ಟುಬಿಟ್ಟಳು.

ಇಂದಿಗೂ ತಿರ್ಲಾಪುರದಲ್ಲಿ ಮದುವೆಯಾದರೆ ನಮಗೆ ಕರೆ ಬರುತ್ತದೆ. ಯಾರಾದರೂ ಕ್ಯಾಮೆರಾ ಹೊರಗೆ ತೆಗೆದರೆ ಸಾಕು, "ಮಾಸ್ತರ ಕೈಯಾಗ ಕೊಡಬ್ಯಾಡ್ರಿ, ಎತ್ತು ಮಾಯ ಮಾಡಿದವ್ರು ಅವ್ರು, ಮದುಮಗನ್ನೂ ಮಾಯ ಮಾಡ್ತಾರ," ಎನ್ನುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಫಕೀರಪ್ಪ ಮತ್ತು ಶಿವಪ್ಪ, ಒಂದೇ ಪಂಕ್ತಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು. ಆಗ ನನಗೆ ಮೈಯೆಲ್ಲ ಉರಿಯುತ್ತದೆ. "ನಡೀರಿ ನಮ್ಮನಿಗೆ, ತೋರಸ್ತೀನಿ," ಎಂಬ ಮಾತು ನಾಲಿಗೆಯ ತುದಿಗೇ ಬಂದು ನಿಲ್ಲುತ್ತದೆ. ಎದುರಿನ ಸಾಲಿನಲ್ಲಿ ಸುಮಿತ್ರೆ ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡುತ್ತಿರುತ್ತಾಳೆ. ಬಡಾಯಿಯ ವಿಷಯದಲ್ಲಿ ನನ್ನ ನಾಲಿಗೆ ಹುಟ್ಟಾ ಆಟೊಮ್ಯಾಟಿಕ್. ಅದನ್ನು ಕೈಯಿಂದಲೇ ನಿಲ್ಲಿಸಬೇಕು. ಎಲೆಯ ಮೇಲಿನ ಹೋಳಿಗೆಯನ್ನು ಅರ್ಧಕ್ಕೆ ಮುರಿದು, ತುಪ್ಪದಲ್ಲಿ ಅದ್ದಿ, ಅವರ ನಗು ಮುಗಿಯುವ ತನಕ ಬಾಯಿ ತೆರೆಯದಂತೆ ತುರುಕಿಕೊಳ್ಳುತ್ತೇನೆ.