ಅತ್ತೆಯ ಕುದುರೆಗೆ ಕ್ಲಚ್ಚಿಲ್ಲ

ನಾಲ್ಕು ಚಕ್ರವಿರಲಿ, ನಾಲ್ಕು ಕಾಲಿರಲಿ, ಚಲಿಸುವ ವಸ್ತು ಯಾವುದಾದರೂ ಸರಿ, ತಮ್ಮ ಕೈಗೆ ಬಂದ ಮೇಲೆ ತೆಪ್ಪಗಿರಲೇಬೇಕು ಎಂದು ಡ್ರೈವಿಂಗ್ ಮೇಷ್ಟ್ರು ಆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದರು. ಸಾರುವ ಹಕ್ಕು ಅವರಿಗಿತ್ತು. ಹದಿನೆಂಟು ವರ್ಷದಿಂದ ಊರವರಿಗೆಲ್ಲ ಕಾರು ಓಡಿಸಲು ಕಲಿಸಿದವರು. ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಎಂದು ತಿಳಿಯದೆ ಕಣ್ಣು ಮುಚ್ಚಿಕೊಂಡು ತುಳಿಯುವವರ ಪಕ್ಕದಲ್ಲಿ ದಿನಾ ಕುಳಿತೂ ಬದುಕಿ ಉಳಿದವರು!

"ಹತ್ತಕ್ಕೆ ಸವಾರಿ ಶಾಲೆಯ ವ್ಯಾನು ಬರತ್ತೆ. ಅಷ್ಟರಲ್ಲಿ ಅದನ್ನ ಲಾಯದಿಂದ ಗೇಟಿನ ತನಕ ನಾನೊಬ್ಬನೇ ತಂದು ನಿಲ್ಲಿಸ್ತೀನಿ. ಮೂವತ್ತು ಹೆಜ್ಜೆ. ಐದು ನಿಮಿಷದ ಕೆಲಸ!"

"ಅದು ಅನ್ಬೇಡಿ. ಅವಳು ಅನ್ನಿ," ಎಂದಳು ಹೆಂಡತಿ. ಒಲೆಯ ಕಡೆಯಿಂದ ಮುಖ ಮಾತ್ರ ತಿರುಗಿಸಲಿಲ್ಲ.

ಅವಳು ಎಂದರೆ ಬೂದು ಬಣ್ಣದ ಹೆಣ್ಣು ಕುದುರೆ. ತೀರಿಹೋಗಿ ಮೂರು ತಿಂಗಳಾಗಿದ್ದ ಅತ್ತೆಯ ಐದನೆಯ ಮತ್ತು ಕೊನೆಯ ಕುದುರೆ. ಅತ್ತೆ ಅದನ್ನು ಕರೆಯುತ್ತಿದ್ದುದೇ 'ಕಿರಿಮಗಳು' ಎಂದು. ಆ ಸಂಬಂಧದಲ್ಲಿ ಅದು ಮೇಷ್ಟ್ರಿಗೆ ನಾದಿನಿ! ನಾದಿನಿಯನ್ನು ಸಾಗಹಾಕಿ, ಲಾಯದಲ್ಲಿ ತಮ್ಮ ಎರಡನೆಯ ಕಾರು ನಿಲ್ಲಿಸುವುದು ಮೇಷ್ಟ್ರ ಘನ ಯೋಜನೆ.

ಅತ್ತೆ ಅಂತಿಂಥ ಹೆಂಗಸಲ್ಲ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಗಂಡ ಹೋದ. ಹೋದ ಮರುವಾರವೇ ಅವನ ಹಾಲಿನ ಗಾಡಿಗೆ ತಾವೇ ಕುದುರೆ ಕಟ್ಟಿ, ಮನೆಮನೆಗೆ ಹಾಲು ಹಾಕಿ, ನಾಲ್ಕು ಮಕ್ಕಳನ್ನು ದಡ ಸೇರಿಸಿದರು. ಕಾಲ ಬದಲಾಗಿ ಹಾಲಿನ ವ್ಯಾಪಾರ ಹೋಯಿತು, ಗಾಡಿಯೂ ಹೋಯಿತು, ಕುದುರೆ ಮಾತ್ರ ಉಳಿಯಿತು. ಅರವತ್ತೆಂಟರಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ, ಮೂರು ತಿಂಗಳು ಕುದುರೆ ಮುಟ್ಟಕೂಡದು ಎಂದರು ಡಾಕ್ಟರು. ಮಾರನೆಯ ದಿನವೇ ಅತ್ತೆ ಕುದುರೆಯ ಮೇಲೆ ಡಾಕ್ಟರ ಮನೆ ಮುಂದೆ ಹಾಜರು! "ಮುಟ್ಟಿಲ್ಲ ಡಾಕ್ಟ್ರೇ. ಕೂತಿದೀನಿ ಅಷ್ಟೆ!" ಎಂಬತ್ತೊಂದರವರೆಗೂ ದಿನಾ ಬೆಳಿಗ್ಗೆ ಒಂದು ಸುತ್ತು. ಉದ್ದನೆಯ ಕಂದು ಕೋಟು, ಅಗಲ ಅಂಚಿನ ಟೋಪಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಧಾರಾಳವಾಗಿ ಬೈಗುಳ. ಬೈಸಿಕೊಳ್ಳದಿದ್ದರೆ ದಿನ ಸರಿಹೋಗುವುದಿಲ್ಲ ಎನ್ನುವವರೂ ಊರಿನಲ್ಲಿದ್ದರು.

ಮನೆಅಳಿಯನ ಕಾರನ್ನು ಕಂಡರೆ ಮಾತ್ರ ಅವರಿಗೆ ತಾತ್ಸಾರ. "ಕಿವಿ ಇಲ್ಲ, ಬಾಲ ಇಲ್ಲ. ಅದಕ್ಕೆ ಸಿಟ್ಟು ಬಂದ್ರೆ ಹೇಗೆ ಗೊತ್ತಾಗತ್ತೆ ಅಳಿಯಂದ್ರೇ?" ಎಂದು ಕೇಳುತ್ತಿದ್ದರು. ಹದಿಮೂರು ವರ್ಷ ಮೇಷ್ಟ್ರು ಈ ಪ್ರಶ್ನೆಗೆ ಹಲ್ಲು ಕಿರಿದದ್ದೇ ಬಂತು. ಅತ್ತೆಗೆ ತಾವೆಂದರೆ ಅಷ್ಟಕ್ಕಷ್ಟೆ, ಕೊನೆಯ ದಿನದವರೆಗೂ ಅಷ್ಟಕ್ಕಷ್ಟೆ ಎನ್ನುವ ನೋವು ಅವರಿಗಿತ್ತು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಹಿತ್ತಿಲ ತುಂಬ ದಟ್ಟ ಮಂಜು. ಮೇಷ್ಟ್ರು ಲಾಯದ ಬಾಗಿಲು ತಳ್ಳಿದರು. ನೋಡಿದರೆ ಕುದುರೆಯ ಬೆನ್ನಿಗೆ ಆಗಲೇ ಜೀನು ಬಿಗಿದಿತ್ತು! ಯಾರು ಬಿಗಿದರು? ಮೇಷ್ಟ್ರಂತೂ ಬಿಗಿದಿರಲಿಲ್ಲ. ಅವರಿಗೆ ಬಿಗಿಯಲು ಬರುತ್ತಲೂ ಇರಲಿಲ್ಲ. ಕುದುರೆ ಅವರತ್ತ ನೋಡಲಿಲ್ಲ. ಅವರ ಭುಜದಾಚೆ, ಒಬ್ಬ ಹೆಂಗಸಿನ ಎತ್ತರಕ್ಕೆ ಕಣ್ಣು ನೆಟ್ಟು ನಿಂತಿತ್ತು. ಮೇಷ್ಟ್ರು ನಿಧಾನವಾಗಿ ತಿರುಗಿದರು. ಮೊಳೆಗೆ ನೇತುಹಾಕಿದ್ದ ಅತ್ತೆಯ ಕೋಟು ಸಣ್ಣಗೆ ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ.

"ನಡಿ," ಎಂದರು ಮೇಷ್ಟ್ರು, ಹೊಸ ವಿದ್ಯಾರ್ಥಿಗೆ ಹೇಳುವ ದನಿಯಲ್ಲಿ. ಕುದುರೆ ನಡೆಯಲಿಲ್ಲ. ಲಗಾಮು ಹಿಡಿದು ಎಳೆದರು. ಹಿಂದಿನಿಂದ ತಳ್ಳಿದರು. ಕೆಟ್ಟು ನಿಂತ ಕಾರುಗಳನ್ನು ಅವರು ಎಷ್ಟೋ ತಳ್ಳಿದ್ದರು, ಆದರೆ ಯಾವ ಕಾರೂ ತಿರುಗಿ ಅವರ ಅಂಗಿಯ ಕಾಲರ್ ಕಚ್ಚಿರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು: "ಅಮ್ಮನ ಕೋಟು ಹಾಕ್ಕೊಳ್ಳಿ. ಇಲ್ಲದಿದ್ರೆ ಸಂಜೆ ತನಕ ತಳ್ಳಿದ್ರೂ ಅಷ್ಟೆ!"

ಮೇಷ್ಟ್ರು ಒಲ್ಲದ ಮನಸ್ಸಿನಿಂದ ಕೋಟು ತೊಟ್ಟರು. ತೊಟ್ಟವರು ಬೆಚ್ಚಿಬಿದ್ದರು. ಮೂರು ತಿಂಗಳಿಂದ ಖಾಲಿ ನೇತಾಡುತ್ತಿದ್ದ ಕೋಟಿನ ಒಳಗೆ ಮೈಬಿಸಿ ಇನ್ನೂ ಆರಿರಲಿಲ್ಲ! ಜೇಬಿನಲ್ಲಿ ಆಗಷ್ಟೇ ಹೆಚ್ಚಿದ ಕ್ಯಾರೆಟ್ ತುಂಡು. ಬಿಚ್ಚಿ ಎಸೆಯಬೇಕೆನ್ನುವಷ್ಟರಲ್ಲಿ ಕುದುರೆ ತಾನೇ ಹೊರಗೆ ಬಂದು, ಅತ್ತೆ ಕುದುರೆ ಹತ್ತಲು ಬಳಸುತ್ತಿದ್ದ ಕಲ್ಲಿನ ಪಕ್ಕ ಅಚ್ಚುಕಟ್ಟಾಗಿ ನಿಂತುಬಿಟ್ಟಿತು. ಅಲ್ಲಿಂದ ಮುಂದಕ್ಕೆ ಒಂದಿಂಚೂ ಇಲ್ಲ. ಸೀಟಿನಲ್ಲಿ ಡ್ರೈವರ್ ಕೂರದೆ ಯಾವ ಗಾಡಿ ತಾನೇ ಹೊರಡುತ್ತದೆ ಎಂದು ಯೋಚಿಸಿ, ಅದೇ ಮೊಳೆಯಲ್ಲಿದ್ದ ಅತ್ತೆಯ ಟೋಪಿಯನ್ನೂ ತಲೆಗೇರಿಸಿಕೊಂಡು ಮೇಷ್ಟ್ರು ಹತ್ತಿ ಕೂತರು. ಜೀವಮಾನದಲ್ಲೇ ಮೊದಲ ಸಲ!

ಕುದುರೆ ಗೇಟಿನ ಬಳಿ ನಿಲ್ಲಲಿಲ್ಲ. ಬೀದಿಗಿಳಿಯಿತು. ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ಗಾಳಿಯಲ್ಲಿ ತುಳಿಯಿತು. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿತು. ಮಂಜಿನಲ್ಲಿ ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಕೇಳಿಸುತ್ತಿದ್ದುದು ಗೊರಸಿನ ಸದ್ದು ಮಾತ್ರ.

ಬೇಕರಿಯ ಹಿಂಬಾಗಿಲಲ್ಲಿ ಕುದುರೆ ತಾನಾಗಿಯೇ ನಿಂತಿತು. ಒಳಗಿನಿಂದ ಬೇಕರಿಯವನ ಕೈ ಬಂತು, ಕೈಯಲ್ಲಿ ಒಂದು ಬ್ರೆಡ್ಡಿನ ತುಂಡು. ಅವನು ಒಲೆಯ ಮುಂದೆ ಬಗ್ಗಿದ ತಲೆ ಎತ್ತಲೇ ಇಲ್ಲ.

"ಇವತ್ತು ತಡ ಆಯ್ತಲ್ಲಮ್ಮಾ. ನಿನ್ನೆ ನೀವು ಬೈದ ಹಾಗೇ ಉಪ್ಪು ಕಮ್ಮಿ ಮಾಡಿದೀನಿ, ನೋಡಿ."

ನಿನ್ನೆ! ಮೇಷ್ಟ್ರು ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡರು. ಕುದುರೆ ಬ್ರೆಡ್ಡು ತಿಂದಿತು, ಆದರೆ ಹೆಜ್ಜೆ ಎತ್ತಲಿಲ್ಲ. ಕಿವಿ ಹಿಂದಕ್ಕೆ ಮಾಡಿ ಏನಕ್ಕೋ ಕಾದು ನಿಂತಿತು. ಬೇಕರಿಯವನೂ ಕಾದ.

"ಥ್ಯಾಂಕ್ಸ್," ಎಂದು ಪಿಸುಗುಟ್ಟಿದರು ಮೇಷ್ಟ್ರು. ಊಹೂಂ. ಏನಕ್ಕೆ ಕಾಯುತ್ತಿದ್ದಾರೆಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ಹೊಳೆದ ಮೇಲೆ ದನಿ ತೆಳ್ಳಗೆ ಮಾಡಿ ಕಿರುಚಿದರು: "ತಳ ಸೀದು ಕರಕಲಾಗಿದೆ! ಕಣ್ಣು ಎಲ್ಲಿಟ್ಟಿದ್ದೆ?"

ಬೇಕರಿಯವನು ತೃಪ್ತಿಯಿಂದ ನಕ್ಕ. ಕುದುರೆ ಹೊರಟಿತು. "ಗೊರಕೆ ಮೇಷ್ಟ್ರು ಎದ್ರಾ?" ಎಂದು ಬೇಕರಿಯವನು ಹಿಂದಿನಿಂದ ಕೂಗಿದ್ದು ಮಂಜಿನೊಳಗೆ ಕೇಳಿಸಿತು. ಅಂದರೆ ಅತ್ತೆ ಸತ್ತ ಮೇಲೂ ದಿನಾ ಬಂದು ಅಳಿಯನ ಗೊರಕೆಯ ವಿಷಯ ಚರ್ಚಿಸುತ್ತಿದ್ದಾರೆ!

ಎರಡನೆಯ ನಿಲುಗಡೆ ಡಾಕ್ಟರ ಮನೆ. ಮುದಿ ಡಾಕ್ಟರು ಅಂಗಳದಲ್ಲಿ ಬಗ್ಗಿ ಹಲ್ಲುಜ್ಜುತ್ತಿದ್ದರು. ಕನ್ನಡಕ ಇರಲಿಲ್ಲ.

"ಹೇಳಿದ್ರೇನಮ್ಮಾ ಅವರಿಗೆ, ಕುದುರೆ ಕಳಿಸ್ಬೇಡಿ ಅಂತ?" ಬಾಯಿ ತುಂಬ ನೊರೆಯಲ್ಲೇ ಕೇಳಿದರು. "ಇವತ್ತೇ ವ್ಯಾನು ಬರೋದಲ್ವಾ? ಎದೇಲೇ ಇಟ್ಕೊಂಡ್ರೆ ಆರೋಗ್ಯ ಕೆಡತ್ತೆ."

ಸತ್ತವರ ಆರೋಗ್ಯ ಇನ್ನೆಷ್ಟು ಕೆಡಬೇಕು ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಅವರಿಗೆ ತಿಳಿದದ್ದು ಒಂದೇ. ಅತ್ತೆಗೆ ವ್ಯಾನಿನ ಸುದ್ದಿ ಮುಟ್ಟಿದೆ! "ನಿಮ್ಮ ಮದ್ದು ಕುಡಿದೇ ನಾನು ಹೋದದ್ದು!" ಎಂದು ಬಾಯಿಗೆ ಬಂದದ್ದನ್ನು ಒದರಿದರು. ಡಾಕ್ಟರು ಬ್ರಷ್ ಬೀಳಿಸಿದರು. ಕುದುರೆಗೆ ಬೈಗುಳ ಒಪ್ಪಿಗೆಯಾಗಿ, ಅದು ಗುಡ್ಡದ ಏರಿನ ಕಡೆ ತಿರುಗಿತು.

ಏರಿನಲ್ಲಿ ಮಂಜು ಇನ್ನೂ ದಟ್ಟವಾಯಿತು. ಹಿಂದೆ ಯಾರೋ ನಡೆದು ಬರುತ್ತಿದ್ದಾರೆ ಎನ್ನಿಸಿತು. ಕುದುರೆಯ ಕಿವಿಗಳೂ ಹಿಂದಕ್ಕೇ ತಿರುಗಿದ್ದವು. ಹದಿನೆಂಟು ವರ್ಷ ವಿದ್ಯಾರ್ಥಿಗಳಿಗೆ 'ಹಿಂದೆ ನೋಡಿ, ಹಿಂದೆ ನೋಡಿ' ಎಂದು ಹೇಳಿಕೊಟ್ಟ ಮೇಷ್ಟ್ರು ಅಂದು ಹಿಂದೆ ನೋಡಲಿಲ್ಲ.

ಮೇಲೆ ಒಂದು ಪುಟ್ಟ ಮನೆ, ಜಗಲಿಯಲ್ಲಿ ಕಂಬಳಿ ಹೊದ್ದ ಮುದುಕಿ. ಊರಿನ ಅರ್ಧ ಜನರನ್ನು ಭೂಮಿಗಿಳಿಸಿದ ಸೂಲಗಿತ್ತಿ ಅವಳು, ಅತ್ತೆಯ ಬಾಲ್ಯದ ಗೆಳತಿ. ಈಗ ಕಣ್ಣು ಪೂರ್ತಿ ಹೋಗಿತ್ತು.

"ಬಂದ್ಯೇನೇ? ನಿನ್ನೆ ಅಳಿಯನ ವಿಷಯ ಅರ್ಧಕ್ಕೇ ಬಿಟ್ಟು ಹೋದ್ಯಲ್ಲ."

ಗೆಳತಿ ಸತ್ತದ್ದನ್ನು ಪಾಪ ಯಾರೂ ಈ ಮುದುಕಿಗೆ ಹೇಳಿಲ್ಲ ಎಂದುಕೊಂಡರು ಮೇಷ್ಟ್ರು. "ನಾನು ಏನಂದೆ?" ಎಂದು ತೆಳ್ಳಗೆ ಕೇಳಿದರು.

"ಅಯ್ಯೋ, ಹದಿಮೂರು ವರ್ಷದಿಂದ ಒಂದೇ ರಾಗ ನಿಂದು! ಊರಿಗೆಲ್ಲ ಕಲಿಸ್ತಾನೆ, ನನಗೆ ಸವಾರಿ ಕಲಿಸಿ ಅತ್ತೆ ಅಂತ ಒಂದೇ ಒಂದು ಸಲ ಬಂದು ಕೇಳಿದ್ರೆ ಈ ಕುದುರೆ ಅವನಿಗೇ, ಅಂತ. ಕಲಿಯೋರು ಎಷ್ಟು ತಪ್ಪು ಮಾಡಿದ್ರೂ ಅವನು ದನಿ ಏರಿಸಲ್ಲ, ಅಂಥವನ ಕೈ ಕುದುರೆಗೆ ಒಗ್ಗತ್ತೆ, ಅಂತ. ನೀನೇ ಹೋಗಿ ಹೇಳ್ಬಾರ್ದಾ ಅಂದ್ರೆ, ಅತ್ತೆಯಾಗಿ ನಾನು ಹೇಗೆ ಮೊದಲು ಬಾಯಿಬಿಡ್ಲಿ ಅಂತೀಯ. ಕೊನೆಗೂ ಕೇಳಿದ್ನಾ?"

ಮೇಷ್ಟ್ರ ಹೆದರಿಕೆ ಎಲ್ಲಿಗೋ ಹೋಗಿ, ಕಣ್ಣಲ್ಲಿ ನೀರು ತುಂಬಿತು. ಕೇಳಬಹುದಾಗಿದ್ದ ಬೆಳಗುಗಳು ಸಾವಿರಗಟ್ಟಲೆ ಇದ್ದವು. ಎಲ್ಲವನ್ನೂ ಮಲಗಿಯೇ ಕಳೆದಿದ್ದರು.

"ಕೇಳ್ಲಿಲ್ಲ," ಎಂದರು. ಕುದುರೆ ಕದಲಲಿಲ್ಲ. ಯಾರನ್ನಾದರೂ ಬೈಯಬೇಕಿತ್ತು. ಬೈಸಿಕೊಳ್ಳಬೇಕಾದವನು ಕೋಟಿನೊಳಗೇ ಇದ್ದ. "ಅವನೊಬ್ಬ ದಡ್ಡ! ಶತದಡ್ಡ!" ಎಂದು ಮೇಷ್ಟ್ರು ನಿಜವಾದ ದನಿಯಲ್ಲೇ ಕೂಗಿದರು. ಕುದುರೆ ಮನೆಯ ಕಡೆ ತಿರುಗಿತು.

ಗೇಟಿನಲ್ಲಿ ವ್ಯಾನು ಕಾದಿತ್ತು. ಅದರ ಚಾಲಕ ಮೇಷ್ಟ್ರ ಹಳೆಯ ಶಿಷ್ಯ. "ಹತ್ತಿಸೋಣ್ವಾ ಸರ್?" ಎಂದ.

"ರಿವರ್ಸ್ ಗೇರ್ ಹಾಕು. ನಾನು ಹೇಳಿಕೊಟ್ಟಿದ್ದು ನೆನಪಿದೆ ತಾನೆ? ಹಾಗೇ ಹಿಂದಕ್ಕೆ ಹೋಗು. ಕುದುರೆ ಎಲ್ಲಿಗೂ ಬರಲ್ಲ!"

ವ್ಯಾನು ಮರೆಯಾಯಿತು. ಹೆಂಡತಿ ಕುದುರೆಯ ಕತ್ತಿಗೆ ಮುಖವೊತ್ತಿ ಗಳಗಳನೆ ಅತ್ತಳು. ಮೇಷ್ಟ್ರು ಜೀನಿನ ಮೇಲಿಂದ ಹೇಗೋ ಜಾರಿ ಕೆಳಗೆ ಬಿದ್ದು ಕೂಗಿದರು: "ನಿಮ್ಮಮ್ಮ ಇನ್ನೂ ಹೋಗಿಲ್ಲ ಕಣೇ! ದಿನಾ ಸುತ್ತು ಹಾಕ್ತಿದಾರೆ! ನಿನ್ನೆ ಬೇಕರಿಯವನಿಗೆ ಉಪ್ಪು ಜಾಸ್ತಿ ಅಂತ ಬೈದಿದಾರೆ!"

"ಅದು ನಾನು ರೀ."

"ನೀನಾ?"

"ಅಮ್ಮ ಹೋದ ಮೇಲೆ ಇವಳು ಮೂರು ದಿನ ಹುಲ್ಲು ಮುಟ್ಟಲಿಲ್ಲ. ಕೋಟು ಹಾಕ್ಕೊಂಡು ಒಂದು ಸುತ್ತು ಹೋದೆ, ತಿಂದ್ಲು. ಅವತ್ತಿಂದ ದಿನಾ ಐದೂವರೆಗೆ ಹೋಗ್ತೀನಿ. ನೀವು ಎಂಟಕ್ಕೆ ಏಳೋಷ್ಟರಲ್ಲಿ ಕಾಫಿ ರೆಡಿ ಇಟ್ಟಿರ್ತೀನಿ. ಇವತ್ತೂ ನೀವು ಸ್ನಾನಕ್ಕೆ ಹೋದಾಗ ಕೋಟು ಹಾಕಿ ಜೀನು ಬಿಗಿದೆ, ಆದ್ರೆ ಕೊನೇ ಸಲ ಅಂತ ಹೋಗೋಕೆ ಕಾಲೇ ಬರಲಿಲ್ಲ."

"ಬೈದಿದ್ದೂ ನೀನೇನಾ?"

"ಬೈಯದಿದ್ರೆ ಇವಳು ಹೆಜ್ಜೆ ಎತ್ತಬೇಕಲ್ಲ! ಮೊದಮೊದಲು ನಾಚಿಕೆ ಆಗ್ತಿತ್ತು. ಈಗ ಬಿಡಿ, ಹಿತವಾಗಿದೆ."

"ನನಗ್ಯಾಕೆ ಹೇಳಲಿಲ್ಲ?"

"ಹೊಸ ಕಾರಿಗೆ ಯಾವ ಬಣ್ಣ ಅಂತ ಕೇಳಿದ್ರಿ. ಕುದುರೆ ಇರಲಾ, ಹೋಗಲಾ ಅಂತ ಯಾವತ್ತು ಕೇಳಿದ್ರಿ?"

ಮೇಷ್ಟ್ರು ನಾಚಿ ತಲೆ ತಗ್ಗಿಸಿದರು. ಭೂತದ ರಹಸ್ಯ ಬಯಲಾದ ಸಮಾಧಾನದಲ್ಲಿ ಕೇಳಿದರು: "ಆ ಸೂಲಗಿತ್ತಿ ಹತ್ರ ನನ್ನ ಬಗ್ಗೆ ಅಷ್ಟೆಲ್ಲ ನೀನೇ ಹೇಳಿದ್ಯಾ?"

"ಯಾವ ಸೂಲಗಿತ್ತಿ? ನಾನು ಡಾಕ್ಟರ ಮನೆಯಿಂದಲೇ ತಿರುಗಿಸಿಬಿಡ್ತೀನಿ. ಆ ಏರು ಕಂಡ್ರೆ ನನಗೆ ಭಯ. ಒಂದು ದಿನವೂ ಅಲ್ಲಿಗೆ ಹೋಗಿಲ್ಲ." ಅವಳು ತಡೆದು, ದನಿ ತಗ್ಗಿಸಿದಳು. "ಆದ್ರೆ ಒಂದೊಂದು ದಿನ ನಾನು ಲಾಯಕ್ಕೆ ಬರೋಷ್ಟರಲ್ಲೇ ಇವಳು ಬೆವರಿರ್ತಾಳೆ."

ಇಬ್ಬರೂ ಕುದುರೆಯನ್ನು ನೋಡಿದರು. ಕುದುರೆ ಏರಿನ ಕಡೆ ನೋಡುತ್ತಿತ್ತು.

ಮರುದಿನ ಐದೂವರೆಗೆ ಮೇಷ್ಟ್ರು ಕೋಟಿಲ್ಲದೆ, ತಮ್ಮದೇ ಸ್ವೆಟರಿನಲ್ಲಿ, ಹೆಂಡತಿ ಜೀನು ಬಿಗಿಯುವುದನ್ನು ಒಂದನೇ ತರಗತಿಯ ವಿದ್ಯಾರ್ಥಿಯಂತೆ ನೋಡಿ ಕಲಿತು ಹೊರಟರು. ಕುದುರೆ ತಕರಾರು ಮಾಡಲಿಲ್ಲ. ಸೂಲಗಿತ್ತಿಗೆ ಸತ್ಯ ಹೇಳಿಯೇ ಬರಬೇಕೆಂದು ಸೀದಾ ಏರು ಹತ್ತಿದರು.

"ಅಮ್ಮಾ, ನಾನು ಅಳಿಯ. ಒಂದು ವಿಷಯ ಹೇಳಬೇಕು, ಗಾಬರಿ ಆಗ್ಬೇಡಿ. ಅತ್ತೆ ತೀರಿಕೊಂಡು ಮೂರು ತಿಂಗಳಾಯ್ತು."

"ನನಗೆ ಗೊತ್ತಿಲ್ವೇನಪ್ಪಾ? ಅವತ್ತೇ ಬಂದು ಹೇಳಿದ್ಲಲ್ಲ," ಎಂದಳು ಮುದುಕಿ. "ಈಗಷ್ಟೇ ಎದ್ದು ಹೋದ್ಲು. ದಾರೀಲಿ ಸಿಗಲಿಲ್ವಾ?"

"ಹೇಗೆ ಬಂದ್ರು? ಕುದುರೆ ನನ್ನ ಹತ್ರಾನೇ ಇದೆಯಲ್ಲ!" ಮೇಷ್ಟ್ರು ತೊದಲಿದರು.

"ನಡ್ಕೊಂಡು. ಕುದುರೆ ಅಳಿಯನಿಗೆ ಕೊಟ್ಟಾಯ್ತು, ಇನ್ನು ನನಗೆ ನಡಿಗೇನೇ ಗತಿ ಅಂತ ನಗ್ತಾ ಹೋದ್ಲು. ಹಾಂ, ಹೇಳು ಅಂದಿದಾಳೆ. ಹಿಟ್ಟಿನ ಮೂಟೆ ಥರ ಕೂರಬೇಡ್ವಂತೆ. ಬೆನ್ನು ನೆಟ್ಟಗಿರಲಿ ಅಂತೆ!"

ಮೇಷ್ಟ್ರು ತಟ್ಟನೆ ಬೆನ್ನು ನೆಟ್ಟಗೆ ಮಾಡಿದರು. ಬೈಗುಳ ಸಂದಾಯವಾಗಿತ್ತು. ಕುದುರೆ ಹೆಜ್ಜೆ ಎತ್ತಿತು.