ಬೋರ್ಡಿನ ಹುಲಿ

ರಾಷ್ಟ್ರೀಯ ಉದ್ಯಾನದ ಕಚೇರಿಯಲ್ಲಿ ಸಂದರ್ಶಕರು ಅಭಿಪ್ರಾಯ ಬರೆಯುವ ಪುಸ್ತಕವೊಂದಿದೆ. ಅದರಲ್ಲಿ ಯಾರೋ ಪುಣ್ಯಾತ್ಮರು ಹೀಗೆ ಬರೆದು ಹೋಗಿದ್ದರು: 'ಕಾಡು ಚೆನ್ನಾಗಿದೆ. ಹುಲಿ ಕಾಣಲಿಲ್ಲ. ಆದರೆ ಬೋರ್ಡುಗಳ ಮೇಲಿನ ಬೆಕ್ಕುಗಳು ಬಹಳ ಮುದ್ದಾಗಿವೆ.' ಪೇಂಟರ ನೆಮ್ಮದಿ ಹಾಳಾಗಲು ಅಷ್ಟು ಸಾಕಾಯಿತು.

ಉದ್ಯಾನದ ನಲವತ್ತು ಬೋರ್ಡುಗಳನ್ನೂ ಬರೆದವರು ಅವರೇ. 'ನಿಧಾನವಾಗಿ ಚಲಿಸಿ' ಎಂದಿರಲಿ, 'ವಾಹನದಿಂದ ಇಳಿಯಬೇಡಿ' ಎಂದಿರಲಿ, ಬಲಗಡೆ ಮೂಲೆಯಲ್ಲಿ ಒಂದು ಹುಲಿ ಕೂತಿರಲೇಬೇಕು. ಅಕ್ಷರದಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಹುಲಿಯಲ್ಲಿ ಮಾತ್ರ ಒಂದು ತೊಡಕಿತ್ತು. ಹನ್ನೊಂದು ವರ್ಷ ಕಾಡಿನ ಅಂಚಿನಲ್ಲಿ ಏಣಿ ಹತ್ತಿ ಇಳಿದಿದ್ದರೂ ಅವರು ಹುಲಿಯನ್ನು ನೋಡಿರಲೇ ಇಲ್ಲ. ಜಿಂಕೆ ನೋಡಿದ್ದರು. ಒಮ್ಮೆ ಕಾಡುಹಂದಿಯೊಂದು ಏಣಿಯನ್ನೇ ಉರುಳಿಸಿ ಹೋಗಿತ್ತು. ಹುಲಿ ಮಾತ್ರ ಕೃಪೆ ತೋರಿರಲಿಲ್ಲ. ಹೀಗಾಗಿ ಅವರ ಹುಲಿ ಪೂರ್ತಿ ಅವರ ಮನಸ್ಸಿನಿಂದಲೇ ಬಂದದ್ದು. ದುಂಡು ಮುಖ, ನಿದ್ದೆಗಣ್ಣು, ಈಗಷ್ಟೇ ಹೊಟ್ಟೆ ತುಂಬ ಹಾಲು ಕುಡಿದಂಥ ಸಂತೃಪ್ತಿ.

ಉದ್ಯಾನದ ಅಧಿಕಾರಿ ಅವರನ್ನು ಕರೆಸಿ ಪುಸ್ತಕದ ಆ ಪುಟ ತೋರಿಸಿದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಮಾತು ಖಡಾಖಂಡಿತ.

"ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹುಲೀನೇ ಸರಿಯಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಜೀಪಲ್ಲಿ ಹೋಗಿ, ನಿಜವಾದ ಹುಲಿ ನೋಡ್ಕೊಂಡು ಬನ್ನಿ. ನೋಡಿದ್ರೆ ನಲವತ್ತು ಬೋರ್ಡನ್ನೂ ಹೊಸದಾಗಿ ನೀವೇ ಬರೀರಿ. ಕಾಣಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಫ್ಲೆಕ್ಸಿನವರಿಗೆ ಹೇಳ್ಬಿಡ್ತೀನಿ."

ನಲವತ್ತು ಬೋರ್ಡು ಎಂದರೆ ಆರು ತಿಂಗಳ ಕೆಲಸ. ಊರಿಗೆ ಫ್ಲೆಕ್ಸ್ ಬಂದ ಮೇಲೆ ಒಂದೊಂದೇ ಅಂಗಡಿ ಪೇಂಟರ ಕೈಬಿಟ್ಟಿತ್ತು. ಈಗ ಅವರ ಬ್ರಷ್ಷಿಗೆ ಗತಿಯೆಂದರೆ ಈ ಕಾಡೊಂದೇ. ಭಾನುವಾರ ಹುಲಿ ಬರಲೇಬೇಕಿತ್ತು.

ಭಾನುವಾರ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಆಕೆ ನರ್ಸು, ರಜೆ ಕೇಳುವಂತಿರಲಿಲ್ಲ. ಮಕ್ಕಳಿಬ್ಬರೂ ಪೇಂಟರ ಪಾಲಿಗೆ ಬಂದರು. ಮಗಳಿಗೆ ಏಳು ವರ್ಷ. ಬಾಯಿ ತೆರೆದರೆ ಪ್ರಶ್ನೆಯೇ ಆದ್ದರಿಂದ ಮನೆಯಲ್ಲಿ ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರು. ನಾಲ್ಕು ವರ್ಷದ ಮಗ ಗುಂಡ ಏನನ್ನೂ ಕೇಳುವವನಲ್ಲ, ನೇರವಾಗಿ ಮಾಡಿಬಿಡುವವನು. ಇವರನ್ನು ಅರ್ಧ ದಿನ ನೋಡಿಕೊಳ್ಳುವಿರಾ ಎಂದು ಪಕ್ಕದ ಮನೆಯ ಭೂಗೋಳದ ಮೇಷ್ಟ್ರನ್ನು ಕೇಳಲು ಹೋದದ್ದೇ ತಪ್ಪಾಯಿತು. ನಿವೃತ್ತ ಮೇಷ್ಟ್ರು ಮಕ್ಕಳನ್ನು ನೋಡಿಕೊಳ್ಳುವುದಿರಲಿ, ತಾವೂ ಬರುವುದಾಗಿ ಹೇಳಿ ದುರ್ಬೀನು ಒರೆಸಲು ಕೂತರು. ದಾರಿಯುದ್ದಕ್ಕೂ ಪೇಂಟರ ಹುಲಿಯ ದೋಷಗಳನ್ನು ಕಿವಿಯಿಂದ ಬಾಲದವರೆಗೆ ವಿವರಿಸಿದರು. ಮೇಷ್ಟ್ರೂ ಹುಲಿ ನೋಡಿದವರಲ್ಲ, ಆದರೆ ಅದು ಯಾವ ಅಕ್ಷಾಂಶದಲ್ಲಿ ವಾಸಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಜೀಪಿನಲ್ಲಿ ಡ್ರೈವರನ ಪಕ್ಕ ಕೂತವರು ಕಾಡಿನ ಗಾರ್ಡ್. ನಡುವಯಸ್ಸಿನ ತೆಳ್ಳನೆಯ ಹೆಂಗಸು, ಇಪ್ಪತ್ತು ವರ್ಷದಿಂದ ಈ ಕಾಡನ್ನು ಕಾದವರು. ಒಂದೇ ನಿಯಮ ಎಂದರು. ಒಳಗೆ ಹೋದ ಮೇಲೆ ಯಾರೂ ಸದ್ದು ಮಾಡುವಂತಿಲ್ಲ. ಮಕ್ಕಳಿಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಆ ಗಾಂಭೀರ್ಯ ನೋಡಿಯೇ ಪೇಂಟರಿಗೆ ಅನುಮಾನ ಬರಬೇಕಿತ್ತು.

ಆದರೆ ಅವರ ಗಮನ ಆಗಲೇ ಹೊರಗೆ ಹೋಗಿತ್ತು. ಬೆಳಗಿನ ಮಂಜು ಹುಲ್ಲಿನ ಮೇಲಿಂದ ಮೆಲ್ಲಗೆ ಏಳುತ್ತಿತ್ತು. ತಮ್ಮ ಡಬ್ಬಿಗಳಲ್ಲಿ ಇರುವುದು ಮೂರು ಹಸಿರು. ಇಲ್ಲಿ ಹದಿನೇಳರವರೆಗೆ ಎಣಿಸಿ ಅವರು ಕೈಬಿಟ್ಟರು. ಹನ್ನೊಂದು ವರ್ಷ ಈ ಕಾಡಿನ ಹೆಸರು ಬರೆದೂ ಕಾಡನ್ನು ನೋಡಲೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಂತೋಷವೂ ಆಯಿತು. ಗಾರ್ಡ್ ಮೇಡಂ ನೆಲವನ್ನು ದಿನಪತ್ರಿಕೆಯಂತೆ ಓದುತ್ತಿದ್ದರು. ಇಲ್ಲಿ ಮುಳ್ಳುಹಂದಿ ದಾಟಿದೆ, ಇಲ್ಲಿ ಕರಡಿ ಹುತ್ತ ಕೆದರಿದೆ, ಈ ಜಿಂಕೆಗೆ ಒಂದು ಕಾಲು ಕುಂಟು. ಮುಂದೆ ಹೋದರೆ ನಿಜಕ್ಕೂ ಒಂದು ಜಿಂಕೆ ಕುಂಟುತ್ತ ಹೋಗುತ್ತಿತ್ತು. ಪ್ರಶ್ನೆಪತ್ರಿಕೆ ಬಾಯಿ ತೆರೆದಳು, ಆದರೆ ಪ್ರಶ್ನೆ ಹೊರಡಲಿಲ್ಲ. ಅಂಥದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ಎರಡು ಗಂಟೆ ಕಳೆಯಿತು. ನವಿಲು, ಕಾಡೆಮ್ಮೆ, ಮೊಲ ಎಲ್ಲ ಬಂದು ಹೋದವು. ಹುಲಿ ಇಲ್ಲ. ಪೇಂಟರ ಕೈಯಲ್ಲಿದ್ದ ಪೆನ್ಸಿಲು ಬೆವರಿತು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮರದ ತುದಿಯಲ್ಲಿ ಕೋತಿಯೊಂದು ಕರ್ಕಶವಾಗಿ ಕೂಗಿತು. ಗಾರ್ಡ್ ಮೇಡಂ ಕೈಯೆತ್ತಿದರು, ಜೀಪು ನಿಂತಿತು. ಹುಲಿ ಹತ್ತಿರದಲ್ಲೇ ಎಲ್ಲೋ ಇದೆ ಎಂದು ಸನ್ನೆಯಲ್ಲೇ ತಿಳಿಸಿದರು. ಎಲೆ ಬಿದ್ದರೂ ಕೇಳುವಂಥ ಮೌನ. ಮೇಷ್ಟ್ರು ಉಸಿರನ್ನೂ ಹಿಡಿದರು. ಆಗ ಪ್ರಶ್ನೆಪತ್ರಿಕೆ ತಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮರುಕ್ಷಣ ಇಬ್ಬರೂ ಗಂಟಲು ಹರಿಯುವಂತೆ ಕಿರುಚಲು ಶುರುಮಾಡಿದರು. ಗುಂಡ ಸ್ಟೀಲಿನ ನೀರಿನ ಬಾಟಲಿಯನ್ನು ಜೀಪಿನ ಕಂಬಿಗೆ ಬಡಿದು ತಾಳ ಹಾಕಿದ. ಹತ್ತಿರದ ಮರಗಳಿಂದ ಹಕ್ಕಿಗಳೆಲ್ಲ ಎದ್ದು ಹೋದವು. ಡ್ರೈವರು ತಲೆ ಮೇಲೆ ಕೈಹೊತ್ತು ಕೂತ.

ಪೇಂಟರು ಎರಡೂ ಬಾಯಿಗಳನ್ನು ಎರಡು ಕೈಯಲ್ಲಿ ಮುಚ್ಚಿದರು. ಆರು ತಿಂಗಳ ಕೆಲಸ ಹಕ್ಕಿಗಳ ಜೊತೆಯಲ್ಲೇ ಹಾರಿಹೋಗಿತ್ತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು.

ಮಗಳಿಗೆ ಆಶ್ಚರ್ಯವಾಯಿತು. "ನೀನೇ ದಿನಾ ಹೇಳ್ತೀಯಲ್ಲಪ್ಪ, ಗಲಾಟೆ ಮಾಡಿದ್ರೆ ಹುಲಿ ಬರುತ್ತೆ ಅಂತ. ಇವರೆಲ್ಲ ಸುಮ್ನೆ ಕೂತ್ಕೊಂಡ್ರೆ ಅದು ಹೇಗೆ ಬರುತ್ತೆ? ನಿಂಗೆ ಇವತ್ತು ಹುಲಿ ಬೇಕೇ ಬೇಕಲ್ವಾ, ಅದಕ್ಕೇ ಇಬ್ಬರೂ ಜೋರಾಗಿ ಮಾಡಿದ್ವಿ."

ಪೇಂಟರ ಕೋಪ ಕರಗಿ ನೀರಾಯಿತು. ಊಟ ಮಾಡಿಸಲೂ ಮಲಗಿಸಲೂ ತಾವು ಬಳಸುತ್ತಿದ್ದ ಸುಳ್ಳನ್ನು ಈ ಕೂಸುಗಳು ನಂಬಿ, ಅಪ್ಪನ ಹೊಟ್ಟೆಪಾಡಿಗಾಗಿ ಹುಲಿಯನ್ನೇ ಕರೆದಿದ್ದವು. ಕಣ್ಣು ತುಂಬಿ ಬಂತು. ಮಗಳ ತಲೆ ಸವರಿ, ಮಗನನ್ನೂ ಎಳೆದುಕೊಳ್ಳೋಣವೆಂದರೆ ಗುಂಡ ಸೀಟಿನ ಮೇಲಿರಲಿಲ್ಲ. ಕೈಜಾರಿದ ಬಾಟಲಿಯ ಬೆನ್ನುಹತ್ತಿ ಸೀಟಿನ ಕೆಳಗೆ ನುಗ್ಗಿದವನು ಅಲ್ಲೇ ಸಿಕ್ಕಿಕೊಂಡಿದ್ದ. ಪೇಂಟರು ಮೊಣಕಾಲೂರಿ ತಲೆಯನ್ನು ಸೀಟಿನ ಅಡಿಗೆ ತೂರಿಸಿದರು.

ಸರಿಯಾಗಿ ಆಗಲೇ ಗಾರ್ಡ್ ಮೇಡಂ ಕೈ ಅವರ ಬೆನ್ನನ್ನು ಒತ್ತಿ ಹಿಡಿಯಿತು. "ಅಣ್ಣ, ಏಳಬೇಡಿ," ಎಂದು ಪಿಸುದನಿ. "ಯಾರೂ ಅಲ್ಲಾಡಬೇಡಿ. ಪಕ್ಕದಲ್ಲೇ ಇದೆ."

ಪೇಂಟರ ಮೂಗಿನ ಮುಂದೆ ಗುಂಡನ ಕಾಲುಚೀಲವಿತ್ತು, ಬೇರೇನೂ ಇರಲಿಲ್ಲ. ಮೇಲುಗಡೆ ಜಗತ್ತು ಹುಲಿಯನ್ನು ನೋಡುತ್ತಿತ್ತು. ಸೀಟಿನಡಿಯ ಸಂದಿಯಿಂದ ಗುಂಡನೂ ನೋಡುತ್ತಿದ್ದ. ಒಂದು ನಿಮಿಷ, ಎರಡು ನಿಮಿಷ. ಬೆನ್ನ ಮೇಲಿನ ಕೈ ಸಡಿಲವಾಗಿ ಪೇಂಟರು ಧಡಕ್ಕನೆ ತಲೆ ಎತ್ತಿದಾಗ ಎದುರಿನ ಪೊದೆ ಮಾತ್ರ ಅಲ್ಲಾಡುತ್ತಿತ್ತು.

ಜೀಪಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರೂ ಪೇಂಟರನ್ನು ನೋಡಿದರು. ಮೇಷ್ಟ್ರು ದುರ್ಬೀನು ಕೆಳಗಿಟ್ಟು ಕೈಮುಗಿದರು. "ಕ್ಷಮಿಸಿಬಿಡಿ. ಇಷ್ಟು ವರ್ಷ ನಿಮ್ಮನ್ನು ಸುಮ್ನೆ ಹೀಯಾಳಿಸಿದೆ. ಅದೇ ದುಂಡು ಮುಖ, ಅದೇ ನಿದ್ದೆಗಣ್ಣು. ಆಕಳಿಸಿ ಹೋಯ್ತು ಕಣ್ರೀ."

ಅದು ನದಿಯಾಚೆಯಿಂದ ಹೊಸದಾಗಿ ಬಂದ ಹೆಣ್ಣು ಹುಲಿಯಂತೆ, ಗಾರ್ಡ್ ಮೇಡಂ ಕೂಡ ನೋಡಿದ್ದು ಇದೇ ಮೊದಲಂತೆ. ಬೋರ್ಡಿಗೇ ಜೀವ ಬಂದು ನಡೆದ ಹಾಗಿತ್ತು ಎಂದು ಆಕೆಯೂ ಒಪ್ಪಿದರು. ಪೇಂಟರಿಗೆ ನೋಡಲಿಲ್ಲವಲ್ಲ ಎಂಬ ಸಂಕಟ ಒಂದು ಕಡೆ, ನೋಡದೆಯೇ ಸರಿಯಾಗಿ ಬರೆದೆನಲ್ಲ ಎಂಬ ಹೆಮ್ಮೆ ಇನ್ನೊಂದು ಕಡೆ. ಹೆಮ್ಮೆಯೇ ಗೆದ್ದಿತು.

ಕಚೇರಿಯಲ್ಲಿ ಅಧಿಕಾರಿ ಕಾಯುತ್ತಿದ್ದರು. ಹುಲಿ ನೋಡಿದಿರಾ ಎಂದು ಕೇಳಿದರೆ ಏನು ಹೇಳುವುದೆಂದು ಪೇಂಟರು ಒಳಗೊಳಗೇ ಬೇಯುತ್ತಿದ್ದರು. ಆದರೆ ಅವರು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ. ಮೇಷ್ಟ್ರು ಕಿವಿಯಿಂದ ಬಾಲದವರೆಗೆ ವರ್ಣಿಸಿದರು. ಗಾರ್ಡ್ ಮೇಡಂ ಸಾಕ್ಷಿ ನುಡಿದರು. ಗುಂಡ ಕೆನ್ನೆ ಉಬ್ಬಿಸಿ, ಕಣ್ಣು ಅರೆಮುಚ್ಚಿ ಹುಲಿಯ ಮುಖ ಮಾಡಿ ತೋರಿಸಿದ. ಅಧಿಕಾರಿ ಕಿಟಕಿಯ ಬಳಿ ಹೋಗಿ ಗೇಟಿನ ಬೋರ್ಡನ್ನು ಬಹಳ ಹೊತ್ತು ನೋಡಿದರು. ತಿರುಗಿ ಬಂದು ಪೇಂಟರ ಎರಡೂ ಕೈ ಹಿಡಿದುಕೊಂಡರು.

"ನೀವು ದೊಡ್ಡ ಕಲಾವಿದರು. ನಾನೇ ಗುರುತಿಸಲಿಲ್ಲ."

ಪೇಂಟರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಹೊಸ ಬೋರ್ಡುಗಳನ್ನು ಯಾವ ಗೇಟಿನಿಂದ ಶುರುಮಾಡಲಿ ಎಂದು ವಿನಯದಿಂದ ಕೇಳಿದರು.

"ಹೊಸದು ಯಾಕ್ರೀ?" ಎಂದರು ಅಧಿಕಾರಿ, ಕೈಬಿಡದೆ. "ಇಷ್ಟು ತದ್ರೂಪ ಇರೋ ಹುಲೀನ ಅಳಿಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ? ಫ್ಲೆಕ್ಸೂ ಬೇಡ, ಬಣ್ಣಾನೂ ಬೇಡ. ನಲವತ್ತೂ ಇರೋ ಹಾಗೇ ಇರ್ಲಿ. ಒಂದಕ್ಕೂ ಬ್ರಷ್ ಮುಟ್ಟಿಸೋಕೆ ನಾನು ಬಿಡಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ.