ದನದ ಕೆಮ್ಮು ಕೆಮ್ಮುತ್ತಿದ್ದವರು

ಕೆಲವರಿಗೆ ಪದವಿ ಓದಿದರೆ ಬರುತ್ತದೆ, ಕೆಲವರಿಗೆ ಕೂತಲ್ಲಿಗೇ ಬರುತ್ತದೆ. ಚಾಮರಾಜನಗರದ ಬಸ್ ನಿಲ್ದಾಣದ ಎದುರು ದನಕರುಗಳ ಔಷಧಿ ಅಂಗಡಿ ಇಟ್ಟಿರುವ ನನ್ನನ್ನು ಸುತ್ತಲ ಹಳ್ಳಿಯವರು ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಹೆಂಡತಿ ಮಾತ್ರ, “ನಮ್ಮನೆ ಬೆಕ್ಕಿಗೆ ಭೇದಿಯಾದಾಗ ಎಲ್ಲಿ ಅಡಗಿದ್ರಿ?” ಎಂದು ಆಗಾಗ ನನ್ನನ್ನು ನೆಲಕ್ಕಿಳಿಸುತ್ತಿದ್ದಳು.

ಆ ದಿನಗಳ ವೈಭವವನ್ನು ಏನೆಂದು ಹೇಳಲಿ. ರೋಗಿಯನ್ನು ಕೊಟ್ಟಿಗೆಯಲ್ಲೇ ಬಿಟ್ಟು ಬಂದವರು ರೋಗವನ್ನು ನನ್ನೆದುರು ಆಡಿ ತೋರಿಸಬೇಕಿತ್ತಲ್ಲ. ದಪ್ಪ ಮೀಸೆಯ ಯಜಮಾನರು ಅಂಗಡಿಯ ಉದ್ದಕ್ಕೂ ಕುಂಟಿ ನಡೆಯುತ್ತಿದ್ದರು. ಎಮ್ಮೆ ಸಾಕಿದ್ದ ಟೈಲರ್ ರಹಮತ್ ಮೇವು ಮೂಸಿ ಮುಖ ತಿರುಗಿಸುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ, ಮಧ್ಯಾಹ್ನದ ಊಟ ನನಗೂ ಸೇರುತ್ತಿರಲಿಲ್ಲ. ಎಲ್ಲರಿಗಿಂತ ಒಂದು ಕೈ ಮೇಲೆಂದರೆ ಉಮ್ಮತ್ತೂರಿನ ಸಿದ್ದಮ್ಮ. ಕತ್ತು ಚಾಚಿ ತನ್ನ ಹಸುವಿನ ಕೆಮ್ಮು ಕೆಮ್ಮಿ ತೋರಿಸುವಳು. ಆಮೇಲೆ ಮಾತು ಹಸುವಿನಿಂದ ಸೊಸೆಗೆ, ಸೊಸೆಯಿಂದ ನೆರೆಮನೆಗೆ ಹರಿಯುವುದು. ಕೊನೆಗೆ ನಾನು ಗಂಭೀರವಾಗಿ ಒಂದು ಇಂಜೆಕ್ಷನ್ ಬಾಟಲಿ ಕೊಡುತ್ತಿದ್ದೆ.

ಈಗ ನಿಯಮ ಬಿಗಿಯಾಗಿದೆ. ಪಶುವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವಂತಿಲ್ಲ. ಸುಮ್ಮಸುಮ್ಮನೆ ಚುಚ್ಚಿದರೆ ರೋಗಾಣುಗಳು ಔಷಧಿಗೇ ಒಗ್ಗಿಹೋಗುತ್ತವಂತೆ, ಹಾಲಿಗೂ ಅದು ಇಳಿಯುತ್ತದಂತೆ. ನ್ಯಾಯವಾದದ್ದೇ, ಬೇಡವೆನ್ನಲು ನಾನು ಯಾರು? ಹಸು ಕಟ್ಟಿದವರ ತಾಪತ್ರಯವೂ ಸಣ್ಣದಲ್ಲ. ಹತ್ತಾರು ಊರಿಗೆ ಒಬ್ಬ ಡಾಕ್ಟರು, ಅವರು ಬರುವವರೆಗೆ ದಾರಿ ಕಾಯಬೇಕು. ಔಷಧಿ ಬಿದ್ದ ಮೇಲೆ ಅವರು ಹೇಳಿದಷ್ಟು ದಿನ ಡೇರಿಗೆ ಹಾಲು ಹಾಕುವಂತಿಲ್ಲ. ನನ್ನ ತಾಪತ್ರಯ ಬೇರೆ. ಜನ ಚೀಟಿ ಚಾಚುತ್ತಾರೆ, ಬಾಟಲಿ ಒಯ್ಯುತ್ತಾರೆ. ಯಾರೂ ಕುಂಟುವುದಿಲ್ಲ, ಯಾರೂ ಕೆಮ್ಮುವುದಿಲ್ಲ. ಮಧ್ಯಾಹ್ನ ಅಂಗಡಿ ಬಣಗುಟ್ಟುವಾಗ ಆ ದನಿಗಳಿಗಾಗಿ ಜೀವ ಹಂಬಲಿಸುತ್ತದೆ. ಅದರಲ್ಲೂ ಸಿದ್ದಮ್ಮನ ದನಿಗಾಗಿ. ಅವಳಂತೂ ಇತ್ತ ತಲೆ ಹಾಕಿಯೇ ಎಷ್ಟೋ ಕಾಲವಾಗಿತ್ತು.

ಮೊನ್ನೆ ಬಂದಳು. ಕೈಯಲ್ಲಿ ಚೀಟಿ.

“ಎಂಥ ಕೆಮ್ಮು ಸಿದ್ದಮ್ಮ, ಒಣಕೆಮ್ಮೋ?” ಎಂದು ಆಸೆಯಿಂದ ಕೇಳಿದೆ.

“ಅದ್ನೆಲ್ಲ ಡಾಕ್ಟ್ರು ಕಿವಿಗ ಕೊಳ್ವೆ ಇಟ್ಟು ಕೇಳ್ಕಂಡ್ರು ಬುಡಿ.”

“ನಾನು ಕೊಡುತ್ತಿದ್ದದ್ದನ್ನೇ ಬರೆದಿದ್ದಾರಾ?”

“ಇಲ್ಲ ಕಣಣ್ಣ, ಬ್ಯಾರೆ ಬರ್ದವ್ರ. ನೀವ್ ಕೊಟ್ಟದ್ದು ನಮ್ ಹಸೂಗ ಯಾವತ್ತೂ ನಾಟ್ನೇ ಇಲ್ಲ.”

ಡಾಕ್ಟರಾಗಿದ್ದವನು ಅಣ್ಣನಾಗಿದ್ದೆ. “ಮತ್ತೆ ಯಾಕೆ ಬರುತ್ತಿದ್ದೆ?” ಎಂದೆ.

“ಬಸ್ಸು ಬರಗಂಟ ಎಲ್ ಕೂರದು? ನಿಮ್ಮಂಗಡೀಲಿ ಬೆಂಚದ, ಫ್ಯಾನದ. ಸುಮ್ನ ಕೂರಕ ನಾಚ್ಕ, ಅದ್ಕ ನಾ ಏನಾರ ತಕತಿದ್ದಿ. ಈಗ ಚೀಟಿ ಇಲ್ದೆ ಕೊಡಲ್ವಂತಲ್ಲ, ಅದ್ಕೇ ಬಿಸ್ಲಲ್ಲೇ ನಿಂತ್ಕತೀನಿ.”

“ಕೂರುವುದಕ್ಕೆ ಚೀಟಿ ಬೇಡ ಸಿದ್ದಮ್ಮ” ಎಂದೆ. ನನ್ನ ದನಿ ನನಗೇ ಬೇಡುವವನ ದನಿಯಂತೆ ಕೇಳಿಸಿತು.

ನನ್ನ ಇಷ್ಟು ವರ್ಷಗಳ ಚಿಕಿತ್ಸೆಯಲ್ಲಿ ಗುಣ ಕೊಟ್ಟದ್ದು ಆ ಬೆಂಚೊಂದೇ ಎಂದು ತಿಳಿದ ಮೇಲೆ ಅದನ್ನು ಬಾಗಿಲಿಗೆ ಎಳೆದು ಹಾಕಿ, ಫ್ಯಾನನ್ನೂ ಅತ್ತಲೇ ತಿರುಗಿಸಿದ್ದೇನೆ. ಗಲ್ಲಾದ ಹಿಂದೆ ಬೆವರುತ್ತಾ ಕೂತು, ಉಮ್ಮತ್ತೂರಿನ ಬಸ್ಸು ಇವತ್ತೂ ತಡವಾಗಲಪ್ಪ ಎಂದು ಬೇಡಿಕೊಳ್ಳುತ್ತೇನೆ.